ಕುಂಜತ್ತೂರಿನ ಕಡಲು, ಪಚ್ಚಿಲೆಯ ವಂಶ

ಮಂಗಳೂರಿನಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ತಲಪಾಡಿಯಲ್ಲಿ ಕರ್ನಾಟಕ ಮುಗಿಯುತ್ತದೆ. ಅದನ್ನು ದಾಟಿ, ಮಂಜೇಶ್ವರ ತಲಪುವ ಮೊದಲೇ ಸಿಗುವ ಊರು ಕುಂಜತ್ತೂರು. 1956ರ ನವೆಂಬರ್ 1ರಂದು ಈ ಊರು ಕೇರಳಕ್ಕೆ ಸೇರಿತು. ಆದರೂ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲವೂ ಇಲ್ಲಿ ಕಿವಿಗೆ ಬೀಳುತ್ತವೆ. ಪಶ್ಚಿಮಕ್ಕೆ ಇಳಿದರೆ ಕಣ್ವತೀರ್ಥದ ಮರಳ ತೀರ. ಅಲ್ಲಿ ನಿಂತು ನಾವು ಎರಡೂ ಕಡೆ ನೋಡಿದೆವು. ನೆಲಕ್ಕೆ ಗಡಿ ಉಂಟು, ಕಡಲಿಗೆ ಕಾಣಲಿಲ್ಲ. ಹಾಗಾದರೆ ಕಡಲ ಜೀವಿಗಳಿಗೆ ಗಡಿಯೇ ಇಲ್ಲವೇ?

ನಮ್ಮ ಅಡುಗೆಮನೆಗೆ ಪರಿಚಿತವಾದ ಪಚ್ಚಿಲೆಯನ್ನೇ ತೆಗೆದುಕೊಳ್ಳೋಣ. ಮಲಯಾಳದಲ್ಲಿ ಇದು ಕಲ್ಲುಮ್ಮಕ್ಕಾಯಿ. ಬೆಳೆದ ಪಚ್ಚಿಲೆ ನಾರಿನಿಂದ ಬಂಡೆಗೆ ಅಂಟಿಕೊಂಡೇ ಬಾಳುತ್ತದೆ. ಅದರ ಮರಿ ಹಾಗಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಅದು ಎರಡು-ಮೂರು ವಾರ ತೇಲಿ, ನೀರು ಒಯ್ದಲ್ಲಿ ನೆಲೆಯೂರುತ್ತದೆ. ತಾಯಿ ಒಂದು ರಾಜ್ಯದಲ್ಲಿ, ಮಕ್ಕಳು ಇನ್ನೊಂದರಲ್ಲಿ! ಮರಿಗಳು ಹೀಗೆ ಬೆರೆಯುವಷ್ಟು ದೂರ ವಂಶವೂ ಬೆರೆಯುತ್ತದೆ. ಪ್ರವಾಹ ತಿರುಗುವಲ್ಲಿ, ನೀರಿನ ಬಿಸಿ ಬದಲಾಗುವಲ್ಲಿ ಆ ಬೆರಕೆಗೆ ತಡೆಯಾಗಬಹುದು. ದಕ್ಷಿಣ ಆಫ್ರಿಕದ ಒಂದೇ ಕರಾವಳಿಯಲ್ಲಿ ಕಂದು ಪಚ್ಚಿಲೆಗೆ ಪೂರ್ವದ್ದೊಂದು, ಪಶ್ಚಿಮದ್ದೊಂದು ಎಂದು ಎರಡು ವಂಶಗಳಿವೆ.

ನಮ್ಮ ಕಡೆಯದು ಹಸಿರು ಪಚ್ಚಿಲೆ. ಕೊಲ್ಲಂನಿಂದ ಕನ್ಯಾಕುಮಾರಿಯತ್ತ ಸಾಗಿದರೆ ಕಂದು ಪಚ್ಚಿಲೆಯ ಸೀಮೆ. 1976ರಲ್ಲಿ ಕುರಿಯಾಕೋಸ್ ಮತ್ತು ನಾಯರ್ ಎಂಬ ವಿಜ್ಞಾನಿಗಳು ಆ ಕಂದು ಪಚ್ಚಿಲೆ ಭಾರತದ್ದೇ ಪ್ರತ್ಯೇಕ ಜಾತಿಯೆಂದು 'ಪರ್ನಾ ಇಂಡಿಕಾ' ಎಂಬ ಹೆಸರಿಟ್ಟರು. 2016ರಲ್ಲಿ ನ್ಯೂಜಿಲೆಂಡಿನ ಜೊನಾಥನ್ ಗಾರ್ಡ್ನರ್ ಮತ್ತು ಭಾರತೀಯ ಸಂಗಡಿಗರು ಅದರ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಅದು ಒಮಾನ್ ಕಡೆಯಿಂದ ನೂರು ವರ್ಷಗಳಿಗೂ ಹಿಂದೆ ಇಲ್ಲಿಗೆ ಬಂದು ಸೇರಿದ 'ಪರ್ನಾ ಪರ್ನಾ' ಎಂಬ ತೀರ್ಮಾನಕ್ಕೆ ಬಂದರು. ಬಂಡೆಗೆ ಅಂಟುವ ಪಚ್ಚಿಲೆ ಹಡಗಿನ ತಳಕ್ಕೂ ಅಂಟುತ್ತದಲ್ಲವೇ!

ಇದು ಬರೀ ಪಂಡಿತರ ವಿಷಯವಲ್ಲ. ಇದೇ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರುಗಳ ಹಿನ್ನೀರಿನಲ್ಲಿ 1990ರ ದಶಕದ ಕೊನೆಯಿಂದ ಹಗ್ಗಕ್ಕೆ ಪಚ್ಚಿಲೆ ಕಟ್ಟಿ ಬೆಳೆಸುತ್ತಾರೆ. ಮಹಿಳೆಯರ ಸ್ವಸಹಾಯ ಗುಂಪುಗಳು ಇದರಿಂದ ಸಂಸಾರಕ್ಕೆ ಆಸರೆ ಕಂಡುಕೊಂಡವು. ಈ ಕೃಷಿಗೆ ಬೇಕಾದ ಮರಿಗಳನ್ನು ಕಡಲ ಬಂಡೆಗಳಿಂದಲೇ ತರುತ್ತಾರೆ. ಬಂಡೆಯನ್ನು ಪೂರ್ತಿ ಕೆರೆದು ತೆಗೆದರೆ ಮುಂದಿನ ವರ್ಷದ ಮರಿಗಳಿಗೆ ತಾಯಿಯೇ ಇರುವುದಿಲ್ಲ. ದೂರದ ಮರಿಗಳನ್ನು ತಂದು ಬಿಟ್ಟರೆ ಇಲ್ಲಿನ ನೀರಿಗೆ ಒಗ್ಗಿದ ವಂಶ ಕಲಬೆರಕೆಯಾಗಬಹುದು. ಒಮ್ಮೆ ಬೆರೆತದ್ದನ್ನು ಮತ್ತೆ ಬಿಡಿಸಲಾಗದು.

ಗಡಿಯ ಆಚೆಗಿನ ಬಂಡೆಯನ್ನು ಕಾಯ್ದರೆ ಈಚೆಗಿನ ಮನೆಗೂ ಊಟ. ಮಕ್ಕಳನ್ನು ಕಡಲತೀರಕ್ಕೆ ಕರೆದೊಯ್ದಾಗ ಇಷ್ಟನ್ನು ಅವರಿಗೂ ಹೇಳೋಣ.