ಕೆಂಪು ಗೆರೆ

ಶಿವಯೋಗ ಮಂದಿರದ ಹತ್ತಿರದ ಶಾಲೆ, ಒಂಬತ್ತನೇ ತರಗತಿ. ಅಭ್ಯಾಸ ಪಾಠಕ್ಕೆ ಹಳೆಯ ಬಿಬಿಸಿ ಮೈಕ್ರೊ ಕಂಪ್ಯೂಟರ್ ಒಯ್ದಿದ್ದೆ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದು ಇಂಥವೇ. ಫ್ಲಾಪಿಗಳು ಕೆಟ್ಟಿದ್ದವು. ಪೆನ್‌ಡ್ರೈವನ್ನೇ ಫ್ಲಾಪಿಯೆಂದು ಕಂಪ್ಯೂಟರಿಗೆ ನಂಬಿಸುವ ಗೊಟೆಕ್ ಪೆಟ್ಟಿಗೆಗೆ 34 ತಂತಿಗಳ ಚಪ್ಪಟೆ ಕೇಬಲ್ ಜೋಡಿಸಿದೆ. ಗೊಟೆಕ್ ದೀಪ ಹತ್ತಿತು, ಆರಲೇ ಇಲ್ಲ, ಕಡತವೂ ತೆರೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಏನೋ ಬರೆದುಕೊಂಡರು. ಪಾಠಯೋಜನೆಯಲ್ಲಿ ಇದಕ್ಕೆ ಅಂಕಣವೆಲ್ಲಿದೆ?

“ನನಗೂ ತಿಳೀವಲ್ದು, ಬರ್ರಿ, ನೋಡೋಣು” ಎಂದೆ.

“ಸರ್, ಕೇಬಲ್‌ಗೆ ಈ ಕೆಂಪ ಗೆರಿ ಯಾಕೈತ್ರಿ?” ಎಂದಳು ಒಬ್ಬಳು.

ಅದು ಒಂದನೇ ತಂತಿಯ ಗುರುತು. ಒಂದು ತುದಿಯನ್ನು ನಾನೇ ತಿರುವಿ ಚುಚ್ಚಿದ್ದೆ! ಸ್ವಿಚ್ ಆರಿಸಿ ಅವಳೇ ಸರಿಪಡಿಸಿದಳು. ಕಡತಗಳ ಪಟ್ಟಿ ಪರದೆಗೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ‘ಮೌಲ್ಯಮಾಪನ ಉಳಿದಿದೆ’ ಎಂದು ವೀಕ್ಷಣಾ ಪುಸ್ತಕದಲ್ಲಿತ್ತು. ಮುಂದಿನ ಪಾಠಯೋಜನೆಯಲ್ಲಿ ದೋಷ ಹುಡುಕಲೆಂದೇ ಎಂಟು ನಿಮಿಷ ಬಿಟ್ಟಿದ್ದೇನೆ.