ಹಳೆಯ ಓವರ್‌ಕೋಟಿನ ಕಾಲನಿರ್ಣಯ

ತಾಳೆಗರಿಯ ಗ್ರಂಥವೊಂದರ ಕೊನೆಯಲ್ಲಿ ಲಿಪಿಕಾರನು ‘ಭಾವ ಸಂವತ್ಸರದಲ್ಲಿ ಬರೆದು ಮುಗಿಸಿದುದು’ ಎಂದಷ್ಟೇ ಹೇಳಿ ಶಕವರ್ಷವನ್ನು ಬಿಟ್ಟುಬಿಟ್ಟಿದ್ದರೆ ಪಂಡಿತರಿಗೆ ಪೇಚಾಟ ತಪ್ಪಿದ್ದಲ್ಲ. ಭಾವ ಸಂವತ್ಸರವು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ. 1874ರಲ್ಲಿ ಬಂದಿತ್ತು, 1934ರಲ್ಲಿ ಬಂದಿತು, 1994ರಲ್ಲಿಯೂ ಬಂದು ಹೋಯಿತು. ಆಗ ಹೆಸರನ್ನು ಬದಿಗಿಟ್ಟು ಅಕ್ಷರದ ತಿರುವನ್ನೂ ಗರಿಯ ಸವೆತವನ್ನೂ ದಾರ ಪೋಣಿಸಿದ ರಂಧ್ರವನ್ನೂ ನೋಡಿ ಕಾಲವನ್ನು ಊಹಿಸಬೇಕಾಗುತ್ತದೆ.

ಉಡುಪಿನ ವಿಷಯವೂ ಹೀಗೆಯೇ. ಶೀತದೇಶಗಳಲ್ಲಿ ಗಂಡಸರು ಇತರ ಉಡುಪಿನ ಮೇಲೆ ತೊಡುವ ಉಣ್ಣೆಯ ಓವರ್‌ಕೋಟು ಎರಡು ಮೂರು ತಲೆಮಾರು ಬಾಳುವ ವಸ್ತು. ಅದರ ವಯಸ್ಸನ್ನು ಹೇಳಹೊರಟವರು ಮೊದಲು ನೋಡುವುದು ಆಕಾರವನ್ನು. ಮೊದಲು ಮೋಸಹೋಗುವುದೂ ಆಕಾರದಿಂದಲೇ. ಚೆಸ್ಟರ್‌ಫೀಲ್ಡ್ ಎಂಬ ಮಾದರಿಯು ಆ ಹೆಸರಿನ ಆರನೆಯ ಅರ್ಲನಿಂದ 1840ರ ದಶಕದಲ್ಲಿ ಪ್ರಚಾರಕ್ಕೆ ಬಂದಿತು. ಮಖಮಲ್ಲಿನ ಕಾಲರುಳ್ಳ ಆ ಕೋಟನ್ನು ಇಂದಿಗೂ ಹೊಲಿಯುತ್ತಾರೆ. 1815ರ ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಸೇನಾನಿ ರಾಗ್ಲನ್ ಪ್ರಭುವಿನ ಹೆಸರು ಕೊರಳಿನವರೆಗೂ ಹಬ್ಬುವ ಒಂದು ಬಗೆಯ ತೋಳಿಗೆ ನಿಂತಿದೆ. ಆ ತೋಳೂ ಇನ್ನೂ ಬಳಕೆಯಲ್ಲಿದೆ. ಫ್ಯಾಷನ್ನು ಸಂವತ್ಸರದಂತೆ ತಿರುಗಿ ತಿರುಗಿ ಬರುವುದು. ಆಕಾರವು ‘ಇದಕ್ಕಿಂತ ಮೊದಲಿನದಲ್ಲ’ ಎಂದು ಹೇಳಬಲ್ಲುದೇ ಹೊರತು ‘ಇಂಥ ವರ್ಷದ್ದು’ ಎಂದು ಹೇಳಲಾರದು.

ಆದಕಾರಣ ಬಲ್ಲವರು ಕೋಟಿನ ಹೊರಮೈಯನ್ನು ಬಿಟ್ಟು ಒಳಮೈಯನ್ನು ಪರೀಕ್ಷಿಸುತ್ತಾರೆ. ಯಂತ್ರದ ಹೊಲಿಗೆ ಇದ್ದರೆ, ಅಮೆರಿಕದಲ್ಲಿ ಹೋವ್ ಎಂಬಾತನು 1846ರಲ್ಲಿಯೂ ಸಿಂಗರ್ ಎಂಬಾತನು 1851ರಲ್ಲಿಯೂ ಹೊಲಿಗೆಯಂತ್ರಕ್ಕೆ ಹಕ್ಕುಪತ್ರ ಪಡೆದ ತರುವಾಯದ ಕಾಲವೆಂದು ತಿಳಿಯಬಹುದು. ಅಸ್ತರಿನಲ್ಲಿ ಪಾಲಿಯೆಸ್ಟರ್ ನೂಲು ಕಂಡರೆ ಆ ಅಸ್ತರು 1930ರ ದಶಕದ್ದಾಗಲಾರದು. ಟೆರಿಲೀನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ನೂಲನ್ನು ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞರು ಕಂಡುಹಿಡಿದದ್ದೇ 1941ರಲ್ಲಿ. ಗುಂಡಿಗಳಲ್ಲಿಯೂ ಕೊಂಬಿನದು, ತಾಳೆಜಾತಿಯ ಬೀಜದ್ದು, ಬೇಕಲೈಟಿನದು ಎಂಬ ಭೇದಗಳುಂಟು. ಆದರೆ ಅಸ್ತರನ್ನು ಬದಲಿಸಬಹುದು, ಗುಂಡಿ ಉದುರಿದರೆ ಬೇರೊಂದನ್ನು ಹಾಕಬಹುದು. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವ ಮುನ್ನ ಅದು ಹೊಗೆಯೋ ಮಂಜೋ ಎಂದು ನೋಡಬೇಕೆಂಬ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ.

ಇನ್ನು ಬಟ್ಟೆಯ ಚೀಟಿಗಳು. ಇವುಗಳ ಮೇಲೆ ಅಂಕೆಗಳೇ ಇರುವುದರಿಂದ ಕೆಲಸ ಸುಲಭವೆಂದು ತೋರುತ್ತದೆ. ಹೇತ್ವಾಭಾಸಕ್ಕೆ ಹೆಚ್ಚಿನ ಅವಕಾಶ ಇಲ್ಲಿಯೇ. ಅಮೆರಿಕದ ಉಡುಪು ಕಾರ್ಮಿಕರ ಸಂಘವೊಂದು ತನ್ನ ಸದಸ್ಯರು ಹೊಲಿದ ಕೋಟುಗಳಿಗೆ ಚೀಟಿ ಹಚ್ಚಿಸುತ್ತಿತ್ತು. ಅದರಲ್ಲಿ 1949 ಎಂದಿದ್ದರೆ ಅದು ಚೀಟಿಯ ಮಾದರಿಯ ವರ್ಷ, ಕೋಟಿನದಲ್ಲ. 1962ರಲ್ಲಿ ಹೊಸ ಮಾದರಿ ಬರುವವರೆಗೂ ಅದೇ ಚೀಟಿ ನಡೆಯಿತು. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಸರಕಾರವು ಮಿತವ್ಯಯದ ಉಡುಪುಗಳಿಗೆ ಒಂದು ಗುರುತನ್ನು ಗೊತ್ತುಮಾಡಿತು. ತುಂಡು ಕತ್ತರಿಸಿದ ಗುಂಡು ಬಿಲ್ಲೆಗಳಂತೆ ಕಾಣುವ ಎರಡು ‘ಸಿ’ ಅಕ್ಷರಗಳು, ಜೊತೆಗೆ 41 ಎಂಬ ಅಂಕೆ. ಇದನ್ನು ಕಂಡು ‘1941ರ ಕೋಟು’ ಎಂದವರು ಎಡವಿದಂತೆಯೇ. ಆ ಏರ್ಪಾಡು 1952ರ ವರೆಗೂ ಇದ್ದಿತು. ಲಂಡನ್ನಿನ ವಿಳಾಸದ ಕೊನೆಯಲ್ಲಿ ‘ಡಬ್ಲ್ಯೂ 1’ ಎಂಬಂತೆ ಅಂಕೆಯಿದ್ದರೆ ಆ ಚೀಟಿಯು 1917ಕ್ಕಿಂತ ಹಿಂದಿನದಲ್ಲ. ಅಂಚೆಯ ವಿಭಾಗಗಳಿಗೆ ಅಂಕೆ ಕೊಟ್ಟದ್ದು ಆ ವರ್ಷ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯವು ಎಲ್ಲಕ್ಕಿಂತ ಗುಪ್ತವಾದ ಸ್ಥಳದಲ್ಲಿರುತ್ತದೆ. ಅಳತೆ ತೆಗೆದು ಹೊಲಿಯುವ ಲಂಡನ್ನಿನ ದರ್ಜಿಗಳು ಎದೆಯ ಒಳಗಿಸೆಯಲ್ಲಿ ಸಣ್ಣದೊಂದು ಚೀಟಿಯನ್ನು ಹೊಲಿದು, ಅದರ ಮೇಲೆ ಕೋಟು ಯಾರದೆಂಬುದನ್ನೂ ಅದರ ತಾರೀಖನ್ನೂ ಬರೆದಿಡುವ ರೂಢಿಯುಂಟು. ಗ್ರಂಥಕ್ಕೆ ಲಿಪಿಕಾರನ ಅಂತ್ಯವಾಕ್ಯವಿದ್ದಂತೆ ಕೋಟಿಗೆ ಅದು. ಅಂಥದೊಂದು ಚೀಟಿಯಿಂದ ಮಲೆನಾಡಿನ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು.

ಆ ಅಡಿಕೆತೋಟದ ಮನೆಯ ಯಜಮಾನರ ತಂದೆ 1946ರಲ್ಲಿ ಹಡಗು ಹತ್ತಿ ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೋದವರು. ಅದು ವ್ಯಯ ಸಂವತ್ಸರ. ಹೆಸರಿಗೆ ತಕ್ಕಂತೆ ತೋಟದ ಒಂದು ಭಾಗವನ್ನು ಭೋಗ್ಯಕ್ಕೆ ಹಾಕಬೇಕಾಯಿತೆಂದು ಮನೆಯವರು ನಗುತ್ತ ಹೇಳುವುದುಂಟು. ಅವರು ಮರಳಿ ಬರುವಾಗ ತಂದ ಕಪ್ಪು ಓವರ್‌ಕೋಟು ಬೀಟೆಮರದ ಬೀರುವಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಳೆದಿದೆ. ಲಂಡನ್ನಿನ ದೊಡ್ಡ ದರ್ಜಿಯೊಬ್ಬನು ಅವರನ್ನೇ ನಿಲ್ಲಿಸಿ ಅಳತೆ ತೆಗೆದು ಹೊಲಿದುಕೊಟ್ಟನೆಂಬುದು ಮನೆತನದ ಕಥೆ. ಮದುವೆ ಮುಂಜಿಗಳಲ್ಲಿ ನೆಂಟರಿಷ್ಟರೆದುರು ಈ ಕಥೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ.

ಊರ ಶಾಲೆಯ ಉತ್ಸವದಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಏರ್ಪಟ್ಟಾಗ ಯಜಮಾನರು ಕೋಟನ್ನು ಕಳುಹಿಸಲು ಒಪ್ಪಿದರು. ‘1946ರಲ್ಲಿ ಲಂಡನ್ನಿನಲ್ಲಿ ನಮ್ಮ ತಂದೆಯವರಿಗಾಗಿ ಹೊಲಿದದ್ದು’ ಎಂದು ತಮ್ಮ ದುಂಡಾದ ಅಕ್ಷರಗಳಲ್ಲಿ ಒಂದು ಹಲಗೆಯನ್ನೂ ಬರೆದರು. ಎಪ್ಪತ್ತಾರು ವರ್ಷದ ಅವರಿಗೆ ತಂದೆಯ ನೆನಪೆಂದರೆ ಆ ಕೋಟೇ. ಅವರ ಮಗಳು ಉಡುಪುಗಳ ವಿದ್ಯೆಯನ್ನು ಕಾಲೇಜಿನಲ್ಲಿ ಓದಿದವಳು. ಧೂಳು ಒರೆಸುವುದಕ್ಕೆಂದು ಕೋಟನ್ನು ಚಾಪೆಯ ಮೇಲೆ ಹರಡಿದಳು.

ಮೊದಲು ಅವಳ ಕಣ್ಣಿಗೆ ಬಿದ್ದದ್ದು ತೋಳಿನ ತುದಿ. ಈಗಿನ ಮಡಿಕೆಯ ಕೆಳಗೆ ಹಳೆಯ ಮಡಿಕೆಯ ಗೆರೆಯೊಂದು ಮಾಸದೆ ಉಳಿದಿತ್ತು. ಅಲ್ಲಿನ ದಾರವೂ ಬೇರೆ. ತೋಳನ್ನು ಎರಡು ಬೆರಳಿನಷ್ಟು ಗಿಡ್ಡಮಾಡಿದ್ದರು. ಅಳತೆ ತೆಗೆದು ಹೊಲಿದ ಕೋಟಿಗೆ ಇದೇಕೆ? ಬೆನ್ನಿನ ನೆರಿಗೆ ಧಾರಾಳವಾಗಿತ್ತು. ಬಟ್ಟೆಗೆ ಬರಗಾಲವಿದ್ದ ದಿನಗಳ ಕೆಲಸದಂತೆ ಅದು ತೋರಲಿಲ್ಲ. ಒಳಗಿಸೆಗೆ ಕೈಹಾಕಹೋದರೆ ಕಿಸೆಯ ಬಾಯಿ ಮುಚ್ಚಿತ್ತು. ಯಾರೋ ಕೈಯಿಂದ ಹತ್ತಾರು ಹೊಲಿಗೆ ಹಾಕಿ ಅದನ್ನು ಮುಚ್ಚಿದ್ದರು. ದರ್ಜಿಯ ಕೈಯ ಹೊಲಿಗೆ ಅದಲ್ಲ. ತಂದೆಯ ಒಪ್ಪಿಗೆ ಪಡೆದು ಅವಳು ನಾಲ್ಕು ಹೊಲಿಗೆಗಳನ್ನು ಬಿಡಿಸಿದಳು. ಒಳಗೆ ಚೀಟಿ ಇತ್ತು. ಮಸಿ ಕಂದಿದ್ದರೂ ಓದಬಹುದಾಗಿತ್ತು. ಒಬ್ಬ ಆಂಗ್ಲೇಯರ ಹೆಸರು. ಕೆಳಗೆ 1934ನೆಯ ಇಸವಿಯ ನವೆಂಬರ್ ತಿಂಗಳು.

ಯಜಮಾನರು ಚೀಟಿಯನ್ನು ಇನ್ನೊಮ್ಮೆ ಓದಿಸಿದರು. 1934ರಲ್ಲಿ ತಂದೆಗೆ ಹನ್ನೆರಡು ವರ್ಷ. ಕೋಟು ಪರರದು, ಹಳೆಯ ಬಟ್ಟೆಯ ಅಂಗಡಿಯಲ್ಲಿ ಕೊಂಡದ್ದು. ಆಗಿನ ಇಂಗ್ಲೆಂಡಿನ ಸ್ಥಿತಿಯನ್ನು ಮಗಳು ಮೆಲ್ಲಗೆ ವಿವರಿಸಿದಳು. 1941ರ ಜೂನ್‌ನಿಂದ 1949ರ ಮಾರ್ಚಿಯವರೆಗೆ ಅಲ್ಲಿ ಬಟ್ಟೆಗೂ ರೇಷನ್ನು ಇದ್ದಿತು. ಮೊದಲ ವರ್ಷದ ಲೆಕ್ಕದಲ್ಲಿ ಒಬ್ಬರಿಗೆ 66 ಕೂಪನ್ನು. ಒಂದು ಓವರ್‌ಕೋಟಿಗೇ 16 ಹೋಗುತ್ತಿತ್ತು. ಮುಂದೆ ಕೂಪನ್ನುಗಳು ಇನ್ನೂ ಕಡಮೆಯಾದವು. ಒಬ್ಬರು ತೊಟ್ಟು ಬಿಟ್ಟ ಬಟ್ಟೆಗೆ ಮಾತ್ರ ಕೂಪನ್ನು ಬೇಡವಾಗಿತ್ತು. 1947ರ ಆರಂಭದ ಚಳಿಯಂತೂ ಆ ದೇಶದವರೇ ಬಹುಕಾಲ ನೆನೆದ ಚಳಿ. ಹಿಮ ಬಿದ್ದು ದಾರಿಗಳು ಮುಚ್ಚಿ ಕಲ್ಲಿದ್ದಲು ಸಿಕ್ಕದಾಯಿತು. ಅದೇ ಫೆಬ್ರುವರಿಯಲ್ಲಿ ತಂದೆ ಮನೆಗೆ ಕಳುಹಿಸಿದ ಭಾವಚಿತ್ರವೊಂದುಂಟು. ಹಿಮದ ನಡುವೆ ನಿಂತಿದ್ದಾರೆ. ಮೈಮೇಲೆ ಈ ಕೋಟೇ. ‘ಇಲ್ಲಿ ಯಾವ ಕೊರತೆಯೂ ಇಲ್ಲ’ ಎಂದು ಹಿಂದೆ ಬರೆದಿದ್ದಾರೆ.

ಮಗಳು ಚಿಂತೆಯಿಂದ ತಂದೆಯ ಮುಖ ನೋಡಿದಳು. ಹೇಳದೆ ಇರಬಹುದಾಗಿತ್ತೆಂದು ಅವಳಿಗೆ ತೋರಿರಬೇಕು. ಅವರಾದರೋ ಚೀಟಿಯನ್ನು ಬಿಟ್ಟು, ಬಿಡಿಸದೆ ಉಳಿದ ಹೊಲಿಗೆಗಳನ್ನು ಬೆರಳಿನಿಂದ ಸವರುತ್ತಿದ್ದರು. ಒಂದೊಂದು ಹೊಲಿಗೆಯೂ ಎಡಕ್ಕೆ ವಾಲಿತ್ತು. ಒಳಗೆ ಹೋಗಿ ಹಾಸಿಗೆಯ ಹಳೆಯ ಕೌದಿಯೊಂದನ್ನು ತಂದು ಪಕ್ಕದಲ್ಲಿಟ್ಟರು. ಅದರ ಹೊಲಿಗೆಯೂ ಹಾಗೆಯೇ ಎಡಕ್ಕೆ ವಾಲಿತ್ತು.

‘‘ಇದು ಅಮ್ಮನ ಕೈ’’ ಎಂದರು.

ಪ್ರತಿ ದೀಪಾವಳಿಗೆ ಕೋಟನ್ನು ಬಿಸಿಲಿಗೆ ಹಾಕುವ ಕೆಲಸವನ್ನು ತಾಯಿ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವೆಂಬುದು ಆಗ ಅವರಿಗೆ ನೆನಪಾಯಿತು. ಅಳತೆಯ ಕಥೆಯನ್ನು ನೆಂಟರಿಗೆ ಹೇಳುತ್ತಿದ್ದವರೂ ಆಕೆಯೇ. ತಂದೆ ಆ ಹೊತ್ತಿಗೆ ಎದ್ದು ತೋಟದ ಕಡೆಗೆ ಹೋಗಿಬಿಡುತ್ತಿದ್ದರು.

ದರ್ಜಿಯ ಚೀಟಿ ಕೋಟಿನ ಹುಟ್ಟನ್ನು ಹೇಳಿತು. ಭಾವಚಿತ್ರ ಅದು ಮನೆಯದಾದ ಕಾಲವನ್ನು ಹೇಳಿತು. ಮೂರನೆಯ ಸಾಕ್ಷ್ಯವನ್ನು ಓದುವುದಕ್ಕೆ ಆ ತಾಯಿಯ ಕೌದಿಯಲ್ಲಿ ಮಲಗಿದವರೇ ಬೇಕಾಯಿತು. ವಿದ್ಯೆಯು ಕಥೆಯನ್ನು ಸುಳ್ಳುಮಾಡಿದ್ದು ನಿಜ. ಕಥೆಯು ಯಾರ ಮಾನವನ್ನು ಕಾಯುತ್ತಿತ್ತೆಂಬುದು ಹೊರಬಿದ್ದದ್ದೂ ಅದೇ ವಿದ್ಯೆಯಿಂದ.

ಬಿಚ್ಚಿದ ನಾಲ್ಕು ಹೊಲಿಗೆಗಳನ್ನು ಅವೇ ರಂಧ್ರಗಳಲ್ಲಿ ಮತ್ತೆ ಹಾಕಬೇಕೆಂದು ಯಜಮಾನರು ಮಗಳಿಗೆ ಹೇಳಿದರು. ಬಳಿಕ ಮೊದಲಿನ ಹಲಗೆಯನ್ನು ಅಳಿಸಿ ಬೇರೆ ಬರೆದರು. ಪ್ರದರ್ಶನಕ್ಕೆ ಬಂದವರು ಕೋಟಿನ ಪಕ್ಕದಲ್ಲಿ ಓದಿದ್ದು ಇಷ್ಟು: ‘ಲಂಡನ್ನಿನಲ್ಲಿ 1934ರಲ್ಲಿ ಬೇರೊಬ್ಬರಿಗಾಗಿ ಹೊಲಿದ ಓವರ್‌ಕೋಟು. 1947ರ ಚಳಿಯಲ್ಲಿ ನಮ್ಮ ತಂದೆಯವರು ತೊಟ್ಟದ್ದು. ಒಳಗಿಸೆಯ ಹೊಲಿಗೆ ನಮ್ಮ ತಾಯಿಯವರದು.’