ಗೋದಲಿಗೆ ಬಾರದ ಆನೆ

ಅಣ್ಣಿಗೇರಿಯ ಅಮೃತೇಶ್ವರ ಗುಡಿಯೊಳಗೆ ಬನ್ನಿ. ದೀಪಾವಳಿ ಮುಗಿದರೂ ಮಧ್ಯಾಹ್ನದ ಬಿಸಿಲಿನ್ನೂ ಚುರುಕಾಗಿದೆ. ಒಳಗೆ ಮಾತ್ರ ಕರಿಕಲ್ಲಿನ ಕಂಬಗಳು ತಣ್ಣಗಿವೆ. ಒಂದು ಕಂಬಕ್ಕೆ ಅಂಗೈ ಊರಿ ಕೆಳಗಿನಿಂದ ಮೇಲಕ್ಕೆ ಸವರಿದರೆ ಶಿಲ್ಪಿ ಕಡೆದ ಏಣುಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ. 1050ರ ಕೆಲಸ ಇದು. 12ನೇ ಶತಮಾನದ ಕೊನೆಗೆ ಕಲ್ಯಾಣ ಚಾಲುಕ್ಯರ ಕಡೆಯ ದೊರೆ ನಾಲ್ಕನೇ ಸೋಮೇಶ್ವರ ಇದೇ ಊರನ್ನು ರಾಜಧಾನಿ ಮಾಡಿಕೊಂಡಿದ್ದ. ಹೊರಗಿನ ಓಣಿಯಲ್ಲಿ ಈಗ ಹತ್ತಿ ಹೇರಿದ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತ ಹೋಗುತ್ತಿದೆ. ಅಂದು ಇದೇ ನೆಲದ ಮೇಲೆ ಆನೆಯ ಕಾಲಿನ ಸರಪಳಿ ಎಳೆದ ಸಪ್ಪಳ ಇದ್ದಿರಬೇಕು.

ಚಾಲುಕ್ಯರ ಬಲವೇ ಆನೆ. ಇಮ್ಮಡಿ ಪುಲಿಕೇಶಿಯ ನಾಡಿಗೆ ಬಂದ ಚೀನದ ಯಾತ್ರಿಕ ಹ್ಯುಯೆನ್ ತ್ಸಾಂಗ್, ಯುದ್ಧಕ್ಕೆ ಮುನ್ನ ಹೆಂಡ ಕುಡಿಸಿ ನುಗ್ಗಿಸುತ್ತಿದ್ದ ನೂರಾರು ಆನೆಗಳ ಸಂಗತಿ ಬರೆದಿಟ್ಟಿದ್ದಾನೆ. ಅಣ್ಣಿಗೇರಿಯಲ್ಲಿ ಆಳಿದವನ ಅಜ್ಜ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯುವ ವಿಧಾನಗಳನ್ನು ಹೇಳಿದ್ದಾನೆ: ಬೇಲಿಯೊಳಗೆ ಅಟ್ಟಿ ಕೂಡುವುದು, ಹೆಣ್ಣಾನೆ ಬಿಟ್ಟು ಒಲಿಸುವುದು, ಬೆನ್ನಟ್ಟುವುದು, ಗುಂಡಿಗೆ ಕೆಡವುವುದು. ಎಲ್ಲವೂ ಕಾಡಿನಿಂದ ತರುವ ದಾರಿಗಳೇ. ಅದಕ್ಕೂ ಎಷ್ಟೋ ಮುಂಚೆ ಕೌಟಿಲ್ಯನ ‘ಅರ್ಥಶಾಸ್ತ್ರ’ ಇಪ್ಪತ್ತು ವರ್ಷ ತುಂಬಿದ ಆನೆಯನ್ನು ಹಿಡಿಯಿರಿ ಎಂದಿತ್ತು. ಆ ಇಪ್ಪತ್ತು ವರ್ಷದ ಮೇವು ಅರಸನ ಬೊಕ್ಕಸದ್ದಲ್ಲ, ಕಾಡಿನದು.

ಹೀಗೆ ಹಿಡಿದ ಆನೆ ದೂರದೂರ ನಡೆಯಿತು. ಚಂದ್ರಗುಪ್ತ ಮೌರ್ಯ ಗ್ರೀಕ್ ದೊರೆ ಸೆಲ್ಯೂಕಸ್‌ಗೆ 500 ಆನೆ ಕೊಟ್ಟನೆಂದು ಗ್ರೀಕರು ಬರೆದರು. ಸೆಲ್ಯೂಕಸ್ ಅವುಗಳ ಬಲದಿಂದಲೇ ಕ್ರಿ.ಪೂ. 301ರಲ್ಲಿ ಈಗಿನ ತುರ್ಕಿಯ ನೆಲದ ಇಪ್ಸಸ್ ಕದನ ಗೆದ್ದ. ಕ್ರಿ.ಪೂ. 218ರಲ್ಲಿ ಹ್ಯಾನಿಬಲ್ ಆನೆ ಹೊಡೆದುಕೊಂಡು ಆಲ್ಪ್ಸ್ ಪರ್ವತ ದಾಟಿದ. 1861ರಲ್ಲಂತೂ ಸಯಾಮಿನ ದೊರೆ ಮೊಂಗ್‌ಕುಟ್, ನಿಮ್ಮ ಕಾಡಿಗೆ ಬಿಟ್ಟು ಬೆಳೆಸಲು ಆನೆಗಳನ್ನು ಕೊಡುತ್ತೇನೆಂದು ಅಮೆರಿಕಕ್ಕೆ ಪತ್ರ ಬರೆದ. ನಮ್ಮ ಹವೆ ಆನೆಗೆ ಒಗ್ಗದು, ನಮಗೆ ಉಗಿಯಂತ್ರ ಇದೆ ಎಂದು ಲಿಂಕನ್ 1862ರಲ್ಲಿ ವಿನಯದಿಂದ ಬೇಡವೆಂದರು. ಅವರು ಹೂಂ ಅಂದಿದ್ದರೆ?

ಆ ಪ್ರಶ್ನೆಯನ್ನು ನವಲಗುಂದದ ಎರೆಹೊಲಕ್ಕೆ ತಂದು ನೋಡಿ: ಆನೆಯೂ ಎತ್ತಿನಂತೆ ಹಟ್ಟಿಯಲ್ಲೇ ಹುಟ್ಟಿ ಬೆಳೆಯುವಂತಿದ್ದರೆ? ಕಾರ ಹುಣ್ಣಿಮೆಯ ಬೆಳಗು. ಕೋಡಿಗೆ ಬಣ್ಣ ಬಳಿಯುವ ಬದಲು ಹುಡುಗರು ಏಣಿ ಹಾಕಿಕೊಂಡು ಆನೆಯ ಹಣೆಗೆ ಬಣ್ಣ ಹಚ್ಚುತ್ತಿದ್ದಾರೆ. ಗೋದಲಿಯ ಕಟ್ಟೆ ಎದೆಯೆತ್ತರ ಇದೆ. ಜೋಡಿ ಜೋಡಿ ಎತ್ತು ಕಟ್ಟಿ ಹೊಡೆಯುತ್ತಿದ್ದ ದೊಡ್ಡ ರಂಟೆಯನ್ನು ಒಂದೇ ಆನೆ ಎಳೆಯುತ್ತಿದೆ. ಬೀಗರ ಊರಿನಿಂದ ಮರಿ ತಂದು ಸಾಕುವುದು, ಸಂತೆಯಲ್ಲಿ ಹಲ್ಲು ಹಿಡಿದು ನೋಡಿ ಬೆಲೆ ಕಟ್ಟುವುದು ಎಲ್ಲ ನಡೆದಿದೆ.

ಕಣ್ಣಿಗೆ ಹಬ್ಬವೇ. ಆದರೆ ರೈತನ ಲೆಕ್ಕಕ್ಕೆ ಕೂಡುವುದಿಲ್ಲ. ಹೋರಿಕರು ಮೂರು ವರ್ಷಕ್ಕೆ ನೊಗಕ್ಕೆ ಬರುತ್ತದೆ. ಆನೆಯ ಗರ್ಭವೇ 22 ತಿಂಗಳು. ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷದ ಅಂತರ. ಭಾರದ ಕೆಲಸಕ್ಕೆ ಮರಿ ಬರುವಷ್ಟರಲ್ಲಿ ಸಾಕಿದವನ ಮಗ ಪ್ರಾಯಕ್ಕೆ ಬಂದಿರುತ್ತಾನೆ. ಬೆಳೆದ ಆನೆಗೆ ದಿನಕ್ಕೆ ನೂರೈವತ್ತು ಕಿಲೋದಷ್ಟು ಹಸಿಮೇವು ಬೇಕು. ನವಲಗುಂದದ ಬೇಸಿಗೆಯಲ್ಲಿ ಅದನ್ನು ಎಲ್ಲಿಂದ ತರುವುದು?

ಈಗ ಹುಬ್ಬಳ್ಳಿ ದಾಟಿ ಪಶ್ಚಿಮಕ್ಕೆ ಹೋಗೋಣ. ಕಪ್ಪು ಮಣ್ಣು ಕೆಂಪಾಗುತ್ತದೆ, ಕಡಲೆ ಹೋಗಿ ಭತ್ತ, ಗೋವಿನಜೋಳ, ಕಬ್ಬು ಬರುತ್ತವೆ. ಕಲಘಟಗಿ ತಾಲ್ಲೂಕಿನ ಕಾಡಂಚಿನ ಒಂದು ಹೊಲದಲ್ಲಿ ಅಟ್ಟ ಹತ್ತಿ ಕೂತಿದ್ದೀರಿ. ರಾತ್ರಿ ಒಂದೂವರೆ. ಕಂಬಳಿಯೊಳಗೂ ಚಳಿ. ಪಕ್ಕದಲ್ಲಿ ಅರವತ್ತು ದಾಟಿದ ಯಜಮಾನರು, ಕೆಳಗೆ ಬೆಂಕಿ ಕಾಯುತ್ತ ಅವರ ಮಗ. ದಾಂಡೇಲಿ, ಹಳಿಯಾಳದ ಕಡೆಯ ಆನೆಗಳು ಸುಗ್ಗಿಯ ಹೊತ್ತಿಗೆ ಈ ದಾರಿ ಹಿಡಿಯುತ್ತವೆ.

ಮೊದಲು ಬಿದಿರು ಮುರಿದ ಸದ್ದು. ಯಜಮಾನರು ನಿಮ್ಮ ಮೊಣಕೈ ಒತ್ತುತ್ತಾರೆ.

“ಬ್ಯಾಟರಿ ಹಾಕಬ್ಯಾಡ್ರಿ ಸರ. ಗಾಳಿ ಆ ಕಡಿಂದ ಬೀಸಾಕತ್ತೇತಿ, ನಮ್ಮ ವಾಸನಿ ಅವಕ್ಕಿನ್ನೂ ಹತ್ತಿಲ್ಲ.”

ಬೆಳದಿಂಗಳಲ್ಲಿ ಬದುವಿನ ಮೇಲೆ ಮೂರು ಆನೆ, ಅವುಗಳ ನಡುವೆ ಒಂದು ಮರಿ. ಇಷ್ಟು ದೊಡ್ಡ ಜೀವ ನಡೆದರೂ ಹೆಜ್ಜೆಯ ಸಪ್ಪಳವಿಲ್ಲ. ಕೇಳುವುದು ಭತ್ತ ಕೀಳುವ ಚರ್ ಚರ್ ಸದ್ದು ಮಾತ್ರ. ಮುಂದಿನ ಹೆಣ್ಣಾನೆ ಸೊಂಡಿಲು ಸುತ್ತಿ ಒಂದು ಬುಡ ಕಿತ್ತು, ಬೇರಿನ ಮಣ್ಣನ್ನು ಮುಂಗಾಲಿಗೆ ಎರಡು ಸಲ ಬಡಿದು ಉದುರಿಸಿ, ಆಮೇಲೆ ಬಾಯಿಗೆ ಇಟ್ಟುಕೊಳ್ಳುತ್ತದೆ. ಮತ್ತೊಂದು ಬುಡ, ಮತ್ತೆ ಎರಡು ಬಡಿತ. ಅವಸರ ಎಂಬುದೇ ಇಲ್ಲ.

“ಎತ್ತಾಗಿದ್ದರ ಮೂಗುದಾಣ ಹಿಡದು ಎಳಕೊಂಡು ಹೋಗಿ ಕಟ್ಟತಿದ್ದೆ,” ಯಜಮಾನರು ಪಿಸುಗುಡುತ್ತಾರೆ. “ಇದಕ್ಕ ಏನ್ ಮಾಡ್ತೀರಿ? ದೇವ್ರು ಅಂತ ಕೈ ಮುಗೀತೀವಿ. ಮುಗದ ಕೈಲೆ ಪಟಾಕಿನೂ ಹಚ್ಚತೀವಿ.”

ನನಗೆ ಖಚಿತವಾಗಿ ಅನ್ನಿಸುವುದು ಇಷ್ಟು. ಆನೆ ಗೋದಲಿಗೆ ಬಂದಿದ್ದರೆ ಈ ಮರಿ ಕಾಡಿನದಾಗಿ ಹುಟ್ಟುತ್ತಿರಲಿಲ್ಲ. ಎತ್ತಿನ ಕಾಡು ಪೂರ್ವಜ ನಮ್ಮ ದೇಶದಿಂದ ಸಾವಿರಾರು ವರ್ಷಗಳ ಹಿಂದೆಯೇ ಅಳಿಯಿತು. ಯುರೋಪಿನಲ್ಲಿ ಅದರ ಕೊನೆಯದು 1627ರಲ್ಲಿ ಪೋಲೆಂಡಿನಲ್ಲಿ ಸತ್ತಿತು. ಹಟ್ಟಿಯಲ್ಲಿ ದನ ಹೆಚ್ಚಿತು, ಅಡವಿಯ ದನ ಮುಗಿಯಿತು. ಆನೆಯ ವಿಷಯದಲ್ಲಿ ಮಾತ್ರ ಪ್ರತಿ ತಲೆಮಾರಿನ ಅರಸನೂ ಮತ್ತೆ ಕಾಡಿಗೇ ಬರಬೇಕಾಯಿತು. ಅದಕ್ಕೇ ‘ಅರ್ಥಶಾಸ್ತ್ರ’ ಆನೆಗೆಂದೇ ಕಾಡು ಕಾಯಿಸಿತು, ಆನೆ ಕೊಂದವನಿಗೆ ಮರಣದಂಡನೆ ಇಟ್ಟಿತು. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಆನೆಗಳನ್ನು ಬೇಲಿಯೊಳಗೆ ಅಟ್ಟಿ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಲ್ಲಿಯವರೆಗೂ ಹಿಡಿಯುವುದೇ ದಾರಿಯಾಗಿತ್ತು. ಇವತ್ತಿಗೂ ಅರಣ್ಯ ಇಲಾಖೆಯ ಆನೆ ಶಿಬಿರಗಳ ಹೆಣ್ಣಾನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ. ಅಲ್ಲಿ ಹುಟ್ಟುವ ಎಷ್ಟೋ ಮರಿಗಳಿಗೆ ಕಾಡಿನ ಸಲಗವೇ ತಂದೆ. ಅಂದು ಅರಸರು ಕಾಯಿಸಿದ ಕಾಡಿನ ಖರ್ಚನ್ನು ಇಂದು ಈ ಯಜಮಾನರು ಭತ್ತದಲ್ಲಿ ಕಟ್ಟುತ್ತಿದ್ದಾರೆ. ಅದು ನ್ಯಾಯವಲ್ಲ. ಕಾಡಾನೆ ಉಳಿಯಲಿ ಎಂದು ಬಯಸುವ ನಾವೆಲ್ಲರೂ ಆ ಖರ್ಚಿಗೆ ಹೆಗಲು ಕೊಡಬೇಕು, ಅದೂ ತಡಮಾಡದೆ.

ಗಾಳಿ ತಿರುಗುತ್ತದೆ. ಹೆಣ್ಣಾನೆಯ ಸೊಂಡಿಲು ಮೇಲೇಳುತ್ತದೆ, ನಿಮ್ಮ ಕಡೆಗೇ. ಕೆಳಗಿನಿಂದ ಮಗ ಕೂಗು ಹಾಕುತ್ತಾನೆ, ಡಬ್ಬಿ ಬಡಿಯುತ್ತಾನೆ, ಪಟಾಕಿ ಸಿಡಿಯುತ್ತದೆ. ಮರಿಯನ್ನು ನಡುವೆ ಹಾಕಿಕೊಂಡು ಮೂರೂ ತಿರುಗಿ ಬಿದಿರು ಮೆಳೆಯೊಳಗೆ ನುಗ್ಗುತ್ತವೆ.

ಬೆಳಗಾದ ಮೇಲೆ ಹೊಲ ಸುತ್ತಿದರೆ ಮೇದದ್ದಕ್ಕಿಂತ ತುಳಿದದ್ದೇ ಹೆಚ್ಚು. ಮಗ ಫಾರೆಸ್ಟ್‌ನವರಿಗೆ ಕೊಡಲು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದಾನೆ. ಯಜಮಾನರು ಉಳಿದ ಬೆಳೆಯ ಅಂಚಿಗೆ ನಿಂತು ಒಂದು ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡುತ್ತಾರೆ.

“ಫೋಟೋ ಆಮ್ಯಾಲ ಹಿಡಿಯಂತಿ. ಮೊದಲ ಊರಾಗ ಹೋಗಿ ಆಳು ಕರಕೊಂಡು ಬಾ. ಸಂಜಿ ಒಳಗ ಇದಿಷ್ಟೂ ಕೊಯ್ಯಬೇಕು.”